ಮಾಗಡಿ ರೋಡ್ ದಾಟಿದ ಮೇಲೆ

ಓದುಗರ ಪತ್ರ:
"ಸಂಪಾದಕರೇ, ನಾನು ದಿನಾ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಪ್ರಾರ್ಥನೆಗೆ ಸಮಯ ಸಿಗುವುದಿಲ್ಲ. ಹಾಗಾಗಿ ರೈಲಿನಲ್ಲೇ ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ಜಪಸರ (ರೋಸರಿ) ಪ್ರಾರ್ಥನೆ ಕೇಳುತ್ತೇನೆ, ಆ ದಿನದ ಬೈಬಲ್ ವಾಚನ ಓದುತ್ತೇನೆ. ಮಧ್ಯೆ ಆಫೀಸಿನ ಮೆಸೇಜ್ ಬಂದರೆ ಅದನ್ನೂ ನೋಡುತ್ತೇನೆ. ಮಾಗಡಿ ರೋಡ್ ದಾಟಿ ರೈಲು ಸುರಂಗಕ್ಕೆ ಇಳಿದಾಗ ನೆಟ್‌ವರ್ಕ್ ಹೋಗಿ ಜಪಸರ ಅರ್ಧಕ್ಕೇ ನಿಂತುಬಿಡುತ್ತದೆ. ನಮ್ಮತ್ತೆ 'ಅದು ಪ್ರಾರ್ಥನೆಯೇ ಅಲ್ಲ' ಅನ್ನುತ್ತಾರೆ. ಮೊಬೈಲಿಗೂ ಪ್ರಾರ್ಥನೆಗೂ ಬ್ಯಾಲೆನ್ಸ್ ಮಾಡುವುದು ಹೇಗೆ?"
– ಹೆಸರು ಬೇಡ ಎಂದಿರುವ ಓದುಗರು, ಕೆಂಗೇರಿ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು. ಬೆಳಗಿನ ಮೆಟ್ರೋ ರಶ್ಶಿನಲ್ಲಿ, ಯಾರದೋ ಬ್ಯಾಗು ಬೆನ್ನಿಗೆ ಒತ್ತುತ್ತಿರುವಾಗ ನಿಮಗೆ ಜಪಸರ ನೆನಪಾಗುತ್ತದಲ್ಲ, ಅದು ಸಣ್ಣ ಮಾತಲ್ಲ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. 'ಅದು ಪ್ರಾರ್ಥನೆಯೇ ಅಲ್ಲ' ಎಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಈ ಉತ್ತರದಲ್ಲಿ ನಾನು ಜಾಸ್ತಿ ಹೊತ್ತು ಅವರ ಪಕ್ಕದಲ್ಲೇ ಕೂತಿರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಸುರಂಗದಲ್ಲಿ ಜಪಸರ ನಿಂತುಹೋದಾಗ ನೀವು ಏನು ಮಾಡುತ್ತೀರಿ? ನಿಂತಲ್ಲಿಂದ ನೀವೇ ಮುಂದುವರಿಸುತ್ತೀರಾ? ಅಥವಾ ನೆಟ್‌ವರ್ಕ್ ಬರಲಿ ಅಂತ ಕಾಯುತ್ತೀರಾ? ನನಗೆ ನಿಮ್ಮ ಇಡೀ ಪ್ರಶ್ನೆ ಆ ಒಂದೆರಡು ನಿಮಿಷದಲ್ಲೇ ಇದೆ ಅನಿಸಿತು.

ಮೊಬೈಲಿನಿಂದ ಉಪಕಾರವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕಣ್ಣು ಮಂಜಾದ ಹಿರಿಯರು ಸತ್ಯವೇದವನ್ನು, ಅಂದರೆ ಬೈಬಲನ್ನು, ಕಿವಿಯಲ್ಲಿ ಕೇಳುತ್ತಾರೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಕನ್ನಡದ ಆರಾಧನೆ ಸಿಗುವುದೇ ಮೊಬೈಲಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ನಮ್ಮನ್ನೆಲ್ಲ ಒಟ್ಟಿಗೆ ಹಿಡಿದಿಟ್ಟದ್ದು ಈ ಅಂಗೈಯಗಲದ ಗಾಜೇ. ಕಂಪ್ಯೂಟರ್ ಮುಂದೆ ಕೂತು ಪರಮಪ್ರಸಾದದ ಪವಾಡಗಳನ್ನು ಪಟ್ಟಿ ಮಾಡಿದ, 15ನೇ ವಯಸ್ಸಿಗೇ ತೀರಿಕೊಂಡ ಕಾರ್ಲೊ ಅಕುಟಿಸ್‌ನನ್ನು ನಿಮ್ಮ ಕಥೋಲಿಕ ಸಭೆ 2025ರಲ್ಲಿ ಸಂತನೆಂದು ಸಾರಿತು. ಇದೆಲ್ಲ ನಿಜ, ಒಪ್ಪಿದೆ.

ಈಗ ನನ್ನ ಮಾತು. ಈ ಪತ್ರಿಕೆಯನ್ನು ಬಹಳ ದಿನದಿಂದ ಓದುತ್ತಿರುವವರಿಗೆ ನಾನು ಎಲ್ಲಿಗೆ ಬರುತ್ತೇನೆ ಅಂತ ಗೊತ್ತಿರುತ್ತದೆ. ಬಾಯಿಪಾಠಕ್ಕೆ!

ನಾಲ್ಕು ವರ್ಷದ ಹಿಂದೆ ನನ್ನ ಎದೆಗೆ ಆಪರೇಷನ್ ಆಯಿತು. ಅವತ್ತು ಬೆಳಿಗ್ಗೆ ನರ್ಸ್ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿತ್ತು. ವಾಚು ಅದರೊಳಗೆ ಹೋಯಿತು, ಕನ್ನಡಕ ಹೋಯಿತು. ಉಂಗುರ ಬೆರಳು ಬಿಟ್ಟು ಬರಲಿಲ್ಲ, ಸೋಪು ಹಚ್ಚಿ ತೆಗೆದರು. ಕೊನೆಗೆ ಮೊಬೈಲ್. ಅದರಲ್ಲಿ ಕನ್ನಡದ ಸತ್ಯವೇದ ಇತ್ತು, ಹಾಡಿನ ಪುಸ್ತಕ ಇತ್ತು, ರಾತ್ರಿಯೆಲ್ಲ ಬಂಧುಗಳು ಕಳಿಸಿದ್ದ ವಚನಗಳಿದ್ದವು. ಎಲ್ಲ ಆ ಕವರಿಗೆ ಹೋಗಿ ನನ್ನ ಹೆಂಡತಿಯ ಕೈ ಸೇರಿತು. ನನ್ನನ್ನು ಟ್ರಾಲಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಕನ್ನಡಕ ಇಲ್ಲದ ಕಣ್ಣಿಗೆ ಸೂರಿನ ಟ್ಯೂಬ್‌ಲೈಟುಗಳು ಒಂದೊಂದಾಗಿ ಮಸುಕು ಮಸುಕಾಗಿ ಹಿಂದಕ್ಕೆ ಹೋಗುತ್ತಿದ್ದವು. ಭಯವಾಯಿತು. ಆಗ ಬಾಯಿಗೆ ಬಂದದ್ದು, "ಯೆಹೋವನು ನನಗೆ ಕುರುಬನು, ಕೊರತೆಪಡೆನು."

ಸತ್ಯವೇದದ ಇಪ್ಪತ್ತಮೂರನೇ ಕೀರ್ತನೆ. ಆರು ವಚನ. ಏಳು ವರ್ಷದವನಿದ್ದಾಗ ಸಂಡೆ ಸ್ಕೂಲಿನಲ್ಲಿ ಕಲಿತದ್ದು. ತಪ್ಪಿಲ್ಲದೆ ಹೇಳಿದವರಿಗೆ ಟೀಚರಮ್ಮ ಒಂದು ಪೆನ್ಸಿಲ್ ಕೊಡುತ್ತಿದ್ದರು. 'ಕೊರತೆಪಡೆನು' ಅಂದರೇನು ಅಂತ ಆಗ ನನಗೆ ಗೊತ್ತಿರಲಿಲ್ಲ. ಪೆನ್ಸಿಲಿಗೋಸ್ಕರ ಕಲಿತೆ. ಅರವತ್ತು ವರ್ಷ ಅದು ಒಳಗೆ ಸುಮ್ಮನೆ ಕೂತಿತ್ತು. ಟ್ರಾಲಿ ತಳ್ಳುತ್ತಿದ್ದ ಹುಡುಗ ಬಗ್ಗಿ, "ಏನ್ ಸಾರ್, ಶ್ಲೋಕನಾ?" ಅಂದ. "ಹೌದಪ್ಪಾ, ನಮ್ಮ ಕಡೆದು" ಅಂದೆ. "ಜೋರಾಗೇ ಹೇಳಿ ಸಾರ್, ನಾನೂ ಕೇಳ್ತೀನಿ" ಅಂದ. ಆ ಉದ್ದ ಕಾರಿಡಾರಿನಲ್ಲಿ ನಾನು ಜೋರಾಗೇ ಹೇಳಿದೆ. ಅವನು ಸ್ವಲ್ಪ ನಿಧಾನವಾಗಿ ತಳ್ಳಿದ.

ಇದನ್ನು ಯಾಕೆ ಹೇಳಿದೆ ಅಂದರೆ, ಮನುಷ್ಯನಿಗೆ ಪ್ರಾರ್ಥನೆ ತುಂಬಾ ಬೇಕಾಗುವ ಹೊತ್ತಿನಲ್ಲೇ ಕೈಯಲ್ಲಿ ಏನೂ ಇರುವುದಿಲ್ಲ. ಯೇಸುಸ್ವಾಮಿಯನ್ನೇ ನೋಡಿ. ನಲವತ್ತು ದಿನ ಅಡವಿಯಲ್ಲಿ ಹಸಿದಿದ್ದಾಗ ಸೈತಾನ ಮೂರು ಸಲ ಕೆಣಕಿದ. ಮೂರು ಸಲವೂ ಅವರು ಕೊಟ್ಟದ್ದು ಧರ್ಮೋಪದೇಶಕಾಂಡದ ವಚನಗಳನ್ನು. ಜೊತೆಯಲ್ಲಿ ಸುರುಳಿ ಕಟ್ಟಿಕೊಂಡು ಹೋಗಿದ್ದರೇ? ಶಿಲುಬೆಯ ಮೇಲೆ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿ" ಎಂದು ಕೂಗಿದ್ದು ಇಪ್ಪತ್ತೆರಡನೇ ಕೀರ್ತನೆಯ ಮೊದಲ ಸಾಲು. "ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ" ಎಂದದ್ದು ಮೂವತ್ತೊಂದನೇ ಕೀರ್ತನೆಯದು. ಉಸಿರು ಸಿಕ್ಕಿಕೊಳ್ಳುತ್ತಿರುವ ಬಾಯಿಗೆ, ಚಿಕ್ಕಂದಿನಲ್ಲಿ ನಜರೇತಿನಲ್ಲಿ ಕಲಿತ ಪಾಠ ಬಂತು. ನನಗೆ ಶುಭಶುಕ್ರವಾರದ ಆರಾಧನೆಯಲ್ಲಿ ಪ್ರತಿ ವರ್ಷ ಗಂಟಲು ಕಟ್ಟುವುದು ಇಲ್ಲೇ.

ನೀವು ಜಪಿಸುವ ಜಪಸರದ ಕಥೆಯೂ ಇದೇ ಅಲ್ವಾ? ಹಿಂದೆ ಮಠಗಳಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನೂ ಹೇಳುತ್ತಿದ್ದರು. ಓದು ಬಾರದ ಜನ ಏನು ಮಾಡಬೇಕು? 150 ಕೀರ್ತನೆಗೆ ಬದಲಾಗಿ 150 ಸಲ 'ನಮೋ ಮರಿಯಾ' ಎಂಬ ಪುಟ್ಟ ಪ್ರಾರ್ಥನೆ ಹೇಳಿದರು. ಲೆಕ್ಕ ತಪ್ಪದಿರಲಿ ಅಂತ ಮಣಿ ಹಿಡಿದರು. ನಾನು ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಸಭೆಯವನು, ನಮ್ಮ ಮನೆಯಲ್ಲಿ ಜಪಸರ ಇರಲಿಲ್ಲ. ಆದರೂ ಆ ಮಣಿಗಳ ಮೇಲೆ ನನಗೆ ಬಹಳ ಗೌರವ. ಅದು ಅಕ್ಷರ ಬಾರದವರು ತಮಗಾಗಿ ಕಟ್ಟಿಕೊಂಡ ಕೀರ್ತನೆ ಪುಸ್ತಕ. ಅಂಥ ಜಪಸರವನ್ನು ಬೇರೆ ಯಾರೋ ಹೇಳಿ ರೆಕಾರ್ಡ್ ಮಾಡಿಟ್ಟು ನೀವು ಸುಮ್ನೆ ಕೇಳುವುದಾದರೆ, ಸಹೋದರಿ, ನಿಮ್ಮ ಊಟವನ್ನು ಬೇರೆಯವರು ಮಾಡಿದ ಹಾಗಾಯಿತು. ಸ್ವಲ್ಪ ಗಟ್ಟಿಯಾಗಿ ಹೇಳಿದೆ. ನಿಮ್ಮ ಮೇಲಿನ ಅಕ್ಕರೆಯಿಂದ ಹೇಳಿದೆ.

ಹೋದ ವರ್ಷ ಒಂದು ಭಾನುವಾರ ನಗರದ ಒಂದು ಚರ್ಚಿಗೆ ಅತಿಥಿಯಾಗಿ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಈಗ ಎಲ್ಲ ಕಡೆ ಹೀಗೇ ಇದೆ. ಗೋಡೆಯ ಮೇಲೆ ದೊಡ್ಡ ಪರದೆ. ಹಾಡಿನ ಸಾಲುಗಳು ಅದರ ಮೇಲೆ ಬರುತ್ತವೆ. ಬೆಂಚಿನ ಮೇಲೆ ಪುಸ್ತಕ ಇಲ್ಲ. ಎರಡನೇ ಚರಣದ ಮೊದಲ ಸಾಲಿಗೆ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಇನ್ನೂರು ಜನ ಇದ್ದರು. ಗಿಟಾರ್ ಹುಡುಗ ಎರಡು ಸಲ ತಂತಿ ಮೀಟಿ ನಿಂತ. ಎಲ್ಲ ಗಪ್ ಚುಪ್. ಆಗ ಹೆಂಗಸರ ಕಡೆಯ ಮೂರನೇ ಬೆಂಚಿನಿಂದ ಒಂದು ಮುದುಕಿಯ ದನಿ ಎದ್ದಿತು. ತಲೆ ಮೇಲೆ ಸೆರಗು, ಕಣ್ಣು ಮುಚ್ಚಿತ್ತು. ಪರದೆ ಹೋದದ್ದು ಆಕೆಗೆ ತಿಳಿದೇ ಇಲ್ಲ, ಯಾಕೆಂದರೆ ಆಕೆ ಅದನ್ನು ನೋಡಿಯೇ ಇರಲಿಲ್ಲ. ಪಕ್ಕದ ಇಬ್ಬರು ಹಿರಿಯರು ಸೇರಿಕೊಂಡರು. ಆ ಮೂರು ಜನ ಆ ಹಾಡನ್ನು ಕೊನೆಯ ಚರಣದವರೆಗೆ ಕೊಂಡೊಯ್ದರು. ಮುಂದಿನ ಸಾಲಿನ ಮಕ್ಕಳು ಹಿಂದೆ ತಿರುಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

ಆರಾಧನೆ ಮುಗಿದ ಮೇಲೆ ಹೋಗಿ ಮಾತಾಡಿಸಿದೆ. "ನನಗೆ ಓದಕ್ಕೆ ಬರಲ್ಲಪ್ಪ. ನಮ್ಮವ್ವ ರಾಗಿ ಬೀಸುವಾಗ ಹೇಳಿಕೊಟ್ಟಿದ್ದು" ಅಂದರು.

ಆ ಚರ್ಚಿನ ಹಳೆಯ ಹಾಡಿನ ಪುಸ್ತಕಗಳು ಎಲ್ಲಿ ಅಂತ ವಿಚಾರಿಸಿದೆ. ಹಿಂದಿನ ಕೋಣೆಯ ಬೀರುವಿನಲ್ಲಿ ಕಟ್ಟಿಟ್ಟಿದ್ದಾರೆ, ಕೆಳಗಿನ ಕಟ್ಟಿಗೆ ಗೆದ್ದಲು ಹತ್ತಿದೆ. ಸಂಡೆ ಸ್ಕೂಲಿನಲ್ಲಿ ಬಾಯಿಪಾಠದ ಸ್ಪರ್ಧೆ ನಿಂತು ಎಷ್ಟೋ ವರ್ಷವಾಯಿತಂತೆ. ಈಗ ಕ್ವಿಜ್ ಇದೆ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಿದರೆ ಸಾಕು. ಶಾಲೆಗಳಲ್ಲೂ ಇದೇ ಮಾತು. ಬಾಯಿಪಾಠ ಬೇಡ, ಅರ್ಥವಾದರೆ ಸಾಕು. ಮಗ್ಗಿ ಹೋಯಿತು, ಪದ್ಯ ಹೋಯಿತು. ಅಮ್ಮನ ಫೋನ್ ನಂಬರ್ ಹೇಳು ಅಂದರೆ ಮಕ್ಕಳು ಮೊಬೈಲ್ ಹುಡುಕುತ್ತಾರೆ. ಇದೇ ಕರ್ನಾಟಕದಲ್ಲಿ ಕಂಸಾಳೆಯವರು ಮಾದೇಶ್ವರನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ, ನೀಲಗಾರರು ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಅವರ ಮುಂದೆ ಯಾವ ಪರದೆ ಇದೆ? ನಮ್ಮ ನಾಡಿನ ನಾಲಿಗೆಗೆ ಅಷ್ಟು ಶಕ್ತಿ ಇದೆ. ನಾವು ಕ್ರೈಸ್ತರು ಮಾತ್ರ ಅದನ್ನು ಬೇಡ ಅಂತ ಬಿಡುತ್ತಿದ್ದೇವೆ.

ಇನ್ನೊಂದು ನೋವು. ಬೆಂಗಳೂರಿನ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕರ್ತನ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಹೇಳುತ್ತವೆ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831. ಇಪ್ಪತ್ತು ವರ್ಷಕ್ಕೂ ಮೇಲೆ! ಅಷ್ಟು ಕಷ್ಟಪಟ್ಟು ತಂದ ಮಾತು ಆ ಅಜ್ಜಿಯ ಅವ್ವನ ಬೀಸುವ ಕಲ್ಲಿನವರೆಗೆ ತಲುಪಿತ್ತು. ಈಗ ಆ್ಯಪಿನಲ್ಲಿ ಭದ್ರವಾಗಿದೆ. ಬಾಯಲ್ಲಿ ಇಲ್ಲ.

ಇನ್ನು ಆಫೀಸಿನ ಮೆಸೇಜಿನ ವಿಷಯ. ನಿಮಗೆ ಮನಸ್ಸು ನಿಲ್ಲುವುದಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಅದು ಹಳೆಯ ಕಾಯಿಲೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು 'ಮಧ್ಯಾಹ್ನದ ದೆವ್ವ' ಎಂದು ಕರೆದರು. ಆ ದೆವ್ವ ಬಂದರೆ ಸನ್ಯಾಸಿ ಗುಡಿಸಲಲ್ಲಿ ಕೂರಲಾರ. ಕಿಟಕಿಯ ಕಡೆ ನೋಡುತ್ತಾನೆ, ಹೊತ್ತು ಎಷ್ಟಾಯಿತು ಅಂತ ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬರುತ್ತಾರಾ ಅಂತ ದಾರಿ ನೋಡುತ್ತಾನೆ. ಆಗ ಅವನಿಗೆ ಒಂದೇ ಕಿಟಕಿ ಇತ್ತು. ನಮ್ಮ ಕಿಟಕಿ ಜೇಬಿನಲ್ಲಿ ಜೊತೆಗೇ ಬರುತ್ತದೆ, ಮುಗಿಯುವುದೂ ಇಲ್ಲ. ಪರದೆಯ ಮೇಲೆ ಪುಟದ ಕೊನೆ ಬಾರದ ಹಾಗೆ ತಳ್ಳುತ್ತಲೇ ಇರುವ ಉಪಾಯವನ್ನು 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಎಂಬ ಡಿಸೈನರ್ ಆಮೇಲೆ ಅದಕ್ಕೆ ಪಶ್ಚಾತ್ತಾಪ ಪಟ್ಟರು. ಕೀರ್ತನೆಗೆ ಕೊನೆ ಇದೆ. ನಿಮ್ಮ ಜಪಸರವೂ ಸುತ್ತಿ ಬಂದು ಶಿಲುಬೆಯ ಹತ್ತಿರ ನಿಲ್ಲುತ್ತದೆ.

ಪೋಪ್ ಫ್ರಾನ್ಸಿಸ್ 2017ರ ನವೆಂಬರಿನಲ್ಲಿ ಇದನ್ನು ನೇರವಾಗಿಯೇ ಹೇಳಿದರು. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಗುರುಗಳು ಹೃದಯಗಳನ್ನು ಮೇಲೆತ್ತಿರಿ ಅನ್ನುತ್ತಾರೆ, ಮೊಬೈಲುಗಳನ್ನು ಮೇಲೆತ್ತಿರಿ ಅನ್ನುವುದಿಲ್ಲ ಎಂದರು. ಪಾದ್ರಿಗಳು, ಬಿಷಪರು ಕೂಡ ಮೊಬೈಲ್ ಎತ್ತುತ್ತಾರೆ ಅಂತ ನೊಂದುಕೊಂಡರು. ನಾನು ಸಿ.ಎಸ್.ಐ.ನವನಾದರೂ ಅವತ್ತು ಆ ಸುದ್ದಿಯನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಗ ಇದೆ. ಹಿಂದಿನ ಸಂಜೆ ಕಪೆರ್ನೌಮಿನಲ್ಲಿ ಊರಿಗೆ ಊರೇ ಬಾಗಿಲಿಗೆ ಬಂದಿತ್ತು. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರಿಗೂ ಹೇಳದೆ, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದರು. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದ. ಅವನು ತಂದದ್ದೂ ಒಂದು ಮೆಸೇಜೇ. ಅಷ್ಟು ಹೊತ್ತು ಯಾರ ಕೈಗೂ ಸಿಗದೆ ಇದ್ದರಲ್ಲ, ನಾನು ಪ್ರಾರ್ಥನೆ ಅನ್ನುವುದು ಅದನ್ನೇ. ಅದಕ್ಕೇ ನಿಮ್ಮ 'ಬ್ಯಾಲೆನ್ಸ್' ಮಾತು ನನಗೆ ಹಿಡಿಸಲಿಲ್ಲ. ಆಫೀಸಿಗೆ ದಿನದಲ್ಲಿ ಹತ್ತು ಗಂಟೆ ಕೊಡುತ್ತೀರಿ. ಈ ಅರ್ಧ ಗಂಟೆಯಲ್ಲಿ ಅವರಿಗೆ ಪಾಲು ಯಾಕೆ?

ಹಾಗಾಗಿ ನನ್ನ ಕೋರಿಕೆ ಇಷ್ಟು. ರಾತ್ರಿ ಮೊಬೈಲನ್ನು ಮಲಗುವ ಕೋಣೆಯಲ್ಲಿ ಇಡಬೇಡಿ, ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಚಾರ್ಜಿಗೆ ಹಾಕಿ. ಏಳುವುದಕ್ಕೆ ಒಂದು ಅಲಾರಂ ಗಡಿಯಾರ ಕೊಳ್ಳಿ. ಬೆಳಿಗ್ಗೆ ಕೆಂಗೇರಿಯಲ್ಲಿ ರೈಲು ಹತ್ತಿದಾಗ ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕಿ ಜಿಪ್ ಎಳೆಯಿರಿ. ಮೆಜೆಸ್ಟಿಕ್ ಬರುವವರೆಗೆ ತೆಗೆಯಬೇಡಿ. ಕೈಯಲ್ಲಿ ಮಣಿಯ ಜಪಸರ ಇರಲಿ. ನಿಂತುಕೊಂಡಿದ್ದರೆ ಬೆರಳೇ ಸಾಕು, ಹತ್ತು ಬೆರಳಿಗೆ ಹತ್ತು 'ನಮೋ ಮರಿಯಾ'.

ಅದರ ಜೊತೆ ನೂರಿಪ್ಪತ್ತೊಂದನೇ ಕೀರ್ತನೆ ಕಲಿಯಿರಿ. ದಾರಿ ನಡೆಯುವವರ ಕೀರ್ತನೆ ಅದು. ಎಂಟೇ ವಚನ, ವಾರಕ್ಕೆ ಒಂದು. ಆ್ಯಪ್ ನೋಡಿ ಕಲಿಯಬೇಡಿ. ಅತ್ತೆಯವರನ್ನು ಕೇಳಿ. ಸಂಜೆ ಅವರು ಸೊಪ್ಪು ಬಿಡಿಸುತ್ತಾ ಕೂತಾಗ ಪಕ್ಕದಲ್ಲಿ ಕೂತು, "ಅತ್ತೆ, ಒಂದೊಂದೇ ಸಾಲು ಹೇಳಿಕೊಡಿ" ಅನ್ನಿ. ಅವರಿಗೆ ಅದು ಬಾರದಿದ್ದರೆ ಬೇರೆ ಯಾವುದೋ ಹಳೆಯ ಪ್ರಾರ್ಥನೆ ಖಂಡಿತ ಬರುತ್ತದೆ. ಅದನ್ನೇ ಕಲಿಯಿರಿ. ಅವರು ನಿಮ್ಮ ಮೊಬೈಲನ್ನು ಬೈಯುವುದು ತಮ್ಮ ಬಳಿ ಇರುವುದನ್ನು ಯಾರೂ ಕೇಳುತ್ತಿಲ್ಲ ಎಂಬ ನೋವಿಗೂ ಇರಬಹುದು.

ಎರಡು ತಿಂಗಳು ಬಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ, ಆದರೆ ಕಾಗದದ ಮೇಲೆ. ಮಾಗಡಿ ರೋಡ್ ದಾಟಿ ರೈಲು ಕೆಳಗಿಳಿದಾಗ ನೀವು ಎಷ್ಟನೇ ಮಣಿಯಲ್ಲಿದ್ದಿರಿ, ಮೆಜೆಸ್ಟಿಕ್ ಬಂದಾಗ ಎಷ್ಟನೆಯದು ಅಂತ ಅದರಲ್ಲಿ ತಿಳಿಸಿ.

– ಸಂ.