ಸಭೆ ಹಾಡದ ಹಾಡು ಯಾರಿಗಾಗಿ?

ಪ್ರಶ್ನೆ: ನಮ್ಮದು ಲೂಥರನ್ ಸಭೆ. ಹಳೆಯ ಕೋರಲ್‌ಗಳನ್ನು, ಅಂದರೆ ಸಭೆಯೆಲ್ಲ ಹಾಡುವ ನಮ್ಮ ಸ್ತುತಿಗೀತೆಗಳನ್ನು, ಎಳೆದೆಳೆದು ಹಾಡುವುದು ಬೇಸರ, ಗಿಟಾರ್ ಮತ್ತು ಡ್ರಮ್ ಬರಲಿ ಎನ್ನುತ್ತಾರೆ ಯುವಜನರು. ಆರ್ಗನ್ ಇಲ್ಲದಿದ್ದರೆ ಅದು ಲೂಥರನ್ ಆರಾಧನೆಯೇ ಅಲ್ಲ ಎನ್ನುತ್ತಾರೆ ಹಿರಿಯರು. ನಮ್ಮ ಪಂಥದ ಮೂಲಪುರುಷ ಮಾರ್ಟಿನ್ ಲೂಥರ್ ಅವರೇ ಹೆಂಡದಂಗಡಿಯ ಧಾಟಿಗಳನ್ನು ಬಳಸಿದ್ದರೆಂದು ಒಬ್ಬ ಹುಡುಗ ವಾದಿಸಿದ. ಸಂಗೀತ ಸಮಿತಿಯಲ್ಲಿರುವ ನಾನು ಯಾರ ಮಾತಿಗೆ ಬೆಂಬಲ ಕೊಡಲಿ?

ಉತ್ತರ: ಮೊದಲು ಆ ಹುಡುಗನ ವಾದ. ಅದನ್ನು ಎಷ್ಟೋ ಕಡೆ ಕೇಳಿದ್ದೇನೆ, ಆದರೆ ಅದಕ್ಕೆ ಆಧಾರವಿಲ್ಲ. ತಮ್ಮ ಕ್ರಿಸ್ಮಸ್ ಗೀತೆ 'ಫೋಮ್ ಹಿಮೆಲ್ ಹೋಖ್'ಗೆ ಲೂಥರ್ 1535ರಲ್ಲಿ ಒಂದು ಜನಪದ ಹಾಡಿನ ಧಾಟಿಯನ್ನು ಬಳಸಿಕೊಂಡದ್ದು ನಿಜ. ಆದರೆ 1539ರ ಹೊತ್ತಿಗೆ ಅದನ್ನು ಕೈಬಿಟ್ಟು ಹೊಸ ರಾಗವನ್ನು ಕೊಟ್ಟರು. ಇಂದು ನಾವು ಹಾಡುವುದು ಆ ಹೊಸ ರಾಗವನ್ನೇ. ಅವರ ಉಳಿದ ಎಷ್ಟೋ ರಾಗಗಳ ಬೇರು ಪ್ರಾಚೀನ ಲ್ಯಾಟಿನ್ ಸ್ತುತಿಗೀತೆಗಳಲ್ಲಿದೆ.

ಹಿರಿಯರ ವಾದಕ್ಕೂ ಚರಿತ್ರೆ ಪೂರ್ತಿ ಒತ್ತಾಸೆ ನೀಡುವುದಿಲ್ಲ. ಲೂಥರ್ ಕಾಲದ ಸಭೆ ಆರ್ಗನ್ ಜೊತೆಗಲ್ಲ, ಬರೀ ಕಂಠದಿಂದ ಹಾಡುತ್ತಿತ್ತು. ಶಾಲಾ ಬಾಲಕರ ಗಾಯನವೃಂದ ಮುಂದಾಳಾಗಿರುತ್ತಿತ್ತು. ಸಭೆಯ ಗಾಯನಕ್ಕೆ ಆರ್ಗನ್ ಜೊತೆಗೂಡುವ ರೂಢಿ ಬೇರೂರಿದ್ದು ಹದಿನೇಳನೆಯ ಶತಮಾನದಲ್ಲಿ. ವರ್ಷಗಟ್ಟಲೆ ಆರ್ಗನ್ ನುಡಿಸಿದವಳು ನಾನು. ಆ ವಾದ್ಯದ ಮೇಲಿನ ನನ್ನ ಪ್ರೀತಿ ಯಾರಿಗೂ ಕಡಿಮೆಯಿಲ್ಲ. ಆದರೂ ಹೇಳುತ್ತೇನೆ, ನಮ್ಮ ಪರಂಪರೆಯ ಜೀವ ಇರುವುದು ಸಭೆಯ ಬಾಯಲ್ಲಿ.

ಮೊದಲಿನಿಂದಲೂ ಹಾಗೆಯೇ. ಬೈಬಲಿನ ಕೀರ್ತನೆಗಳನ್ನು ಜರ್ಮನ್ ಹಾಡುಗಳಾಗಿಸಿ ಕೊಡಿ, ಆಸ್ಥಾನದ ಹೊಸ ಮಾತುಗಳು ಬೇಡ, ಸಾಮಾನ್ಯರಿಗೆ ತಿಳಿಯುವ ಸರಳ ಪದಗಳಿರಲಿ ಎಂದು ಲೂಥರ್ 1523ರ ಕೊನೆಯಲ್ಲಿ ತಮ್ಮ ಸ್ನೇಹಿತ ಸ್ಪಾಲಾಟಿನ್‌ಗೆ ಬರೆದರು. ಮರುವರ್ಷವೇ ನ್ಯೂರೆಂಬರ್ಗ್‌ನಲ್ಲಿ ಎಂಟು ಹಾಡುಗಳ ಪುಟ್ಟ ಪುಸ್ತಕ ಅಚ್ಚಾಯಿತು. ಅದೇ ವರ್ಷ ಸಂಗೀತಗಾರ ಯೋಹಾನ್ ವಾಲ್ಟರ್ ಗಾಯನವೃಂದಕ್ಕಾಗಿ ಬಹುಧ್ವನಿಯ ಸಂಗ್ರಹವನ್ನು ತಂದರು. ಅದರಲ್ಲಿ ಮೂಲ ರಾಗ ಹೆಚ್ಚಾಗಿ ನಡುವಿನ ಟೆನರ್ ಧ್ವನಿಯಲ್ಲಿತ್ತು. 1586ರಲ್ಲಿ ಪಾದ್ರಿ ಲೂಕಾಸ್ ಒಸಿಯಾಂಡರ್ ಐವತ್ತು ಹಾಡುಗಳಲ್ಲಿ ಆ ರಾಗವನ್ನು ಮೇಲಿನ ಧ್ವನಿಗೆ ತಂದರು. ಸಭೆಯವರೆಲ್ಲ ಜೊತೆಗೆ ಹಾಡಲಿ ಎಂಬುದೇ ಅದರ ಉದ್ದೇಶ. ನಮ್ಮ ಪರಂಪರೆಯಲ್ಲಿ ಇಷ್ಟು ದೊಡ್ಡ ಉಪಕಾರ ಮಾಡಿದವರು ಕಡಿಮೆ. ಸಂಗೀತ ರಚನೆಯ ಮೇರು ಎನಿಸಿದ ಬಾಖ್ ಅವರಂಥ ಬಾಖ್ ಕೂಡ ಇಪ್ಪತ್ತರ ಹರೆಯದಲ್ಲಿ, 1706ರಲ್ಲಿ, ಆರ್ನ್‌ಸ್ಟಾಟ್‌ನ ಚರ್ಚಿನ ಅಧಿಕಾರಿಗಳಿಂದ ಮಾತು ಕೇಳಬೇಕಾಯಿತು: ಕೋರಲ್‌ಗೆ ವಿಚಿತ್ರ ಅಲಂಕಾರಗಳನ್ನು ಸೇರಿಸಿ ಸಭೆಯನ್ನು ಗೊಂದಲಕ್ಕೆ ಕೆಡವುತ್ತಿದ್ದೀರಿ ಎಂದು.

ಇನ್ನು ಬೇಸರದ ಮಾತು. ಯುವಜನರ ದೂರು ನ್ಯಾಯವಾದದ್ದೇ, ಆದರೆ ತಪ್ಪು ಕೋರಲ್‌ನದಲ್ಲ. ಲೂಥರ್ ಅವರ 'ಐನ್ ಫೆಸ್ಟೆ ಬುರ್ಗ್' ಕೋರಲ್ ಹುಟ್ಟಿದ ರೂಪದಲ್ಲಿ ಸ್ವರಗಳು ಉದ್ದ ಗಿಡ್ಡವಾಗಿ, ಪೆಟ್ಟು ಎದುರುನೋಡದ ಕಡೆ ಬೀಳುತ್ತ, ನೆಗೆನೆಗೆದು ಸಾಗುತ್ತವೆ. ಎಲ್ಲ ಸ್ವರಗಳನ್ನೂ ಒಂದೇ ಅಳತೆಗೆ ತಂದು ನಿಧಾನಕ್ಕೆ ಎಳೆಯುವ ಅಭ್ಯಾಸ ಆಮೇಲಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೂಥರನ್ನರು ಹಳೆಯ ಲಯವನ್ನು ಹುಡುಕಿ ಮತ್ತೆ ತಂದರು. ನಿಮ್ಮ ಯುವಜನರಿಗೆ ಆ ಲಯವನ್ನು ಕಲಿಸಿ. ಡ್ರಮ್ ಬಾರಿಸುವ ಹುಡುಗನೇ ಅದನ್ನು ಎಲ್ಲರಿಗಿಂತ ಬೇಗ ಹಿಡಿಯುತ್ತಾನೆ.

ಆರ್ಗನ್ ನುಡಿಸುವವರಿಗೆ ಎರಡು ಮಾತು ಹೇಳಿ. ಸಾಲಿನ ಕೊನೆಯಲ್ಲಿ ಸಭೆ ಉಸಿರೆಳೆದುಕೊಳ್ಳುವಾಗ ಕೈಯೂ ಬಿಡುವು ಕೊಡಬೇಕು. ರಾಗ ಎತ್ತರವಾದರೆ ಶ್ರುತಿ ಇಳಿಸಬೇಕು. ಮೇಲಿನ ಇ (E) ಸ್ವರ ದಾಟಿದರೆ ಬಹುಪಾಲು ಗಂಡಸರು ಬಾಯಿ ಮುಚ್ಚುತ್ತಾರೆ. ಒಂದು ಚರಣ ಸಭೆಗೆ, ಒಂದು ಗಾಯನವೃಂದಕ್ಕೆ ಹಂಚುವುದು ನಮ್ಮ ಹಳೆಯ ಪದ್ಧತಿ. ಅದರಿಂದ ಹತ್ತು ಚರಣಗಳ ಹಾಡೂ ಭಾರವೆನಿಸುವುದಿಲ್ಲ. ವಾದ್ಯವಿಲ್ಲದೆ ಒಂದು ಚರಣವನ್ನು ಹಾಡಿಸಿ ನೋಡಿ, ತಮ್ಮ ಧ್ವನಿ ಇಷ್ಟು ದೊಡ್ಡದೇ ಎಂದು ಸಭೆಗೇ ಅಚ್ಚರಿಯಾಗುತ್ತದೆ.

ಗಿಟಾರ್ ಬರಲಿ, ನನಗೆ ಆಕ್ಷೇಪವಿಲ್ಲ. ಧ್ವನಿವರ್ಧಕದ ಮುಂದೆ ನಾಲ್ವರು ಹಾಡಿ ಉಳಿದವರು ನೋಡುತ್ತ ನಿಲ್ಲುವಂತಾದರೆ ಮಾತ್ರ ಖಡಾಖಂಡಿತವಾಗಿ ಬೇಡವೆನ್ನಿ. ಸಭೆಯ ಬಾಯಿ ಕಟ್ಟುವ ಆರ್ಗನ್ ಅಬ್ಬರಕ್ಕೂ ಇದೇ ಮಾತು.

ಪ್ರಶ್ನೆ: ಆರಾಧನೆಯ ನಡುವೆ ಬಾಖ್ ಅವರ ಕಂಟಾಟಾ (ವಾದ್ಯಗಳೊಡನೆ ಹಾಡುವ ಹಲವು ಭಾಗಗಳ ಕೃತಿ) ಹಾಡುವುದು ಕಛೇರಿ ಮಾಡಿದಂತಾಗುವುದಿಲ್ಲವೇ?

ಉತ್ತರ: ಇಲ್ಲ. ಅವು ಹುಟ್ಟಿದ್ದೇ ಆರಾಧನೆಗಾಗಿ. 1723ರಿಂದ ಲೈಪ್‌ಜಿಗ್‌ನಲ್ಲಿ ಬಾಖ್ ಅವುಗಳನ್ನು ಸುವಾರ್ತೆಯ ಓದಿಗೂ ಪ್ರಸಂಗಕ್ಕೂ ನಡುವೆ ಹಾಡಿಸುತ್ತಿದ್ದರು. ಆ ದಿನದ ಓದಿಗೆ ಹೊಂದುವ ಕಂಟಾಟಾ ಆರಿಸಿ, ಪದಗಳ ಅರ್ಥವನ್ನು ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಡಿ. ಅನೇಕ ಕಂಟಾಟಾಗಳು ಸರಳ ಕೋರಲ್‌ನಿಂದ ಮುಗಿಯುತ್ತವೆ. ಆ ಕೋರಲ್‌ಗೆ ಸಭೆಯನ್ನು ಎಬ್ಬಿಸಿ ಹಾಡಿಸಿದರೂ ತಪ್ಪಿಲ್ಲ.

ಪ್ರಶ್ನೆ: ನನಗೆ ಶ್ರುತಿ ಸೇರುವುದಿಲ್ಲ. ಬರೀ ತುಟಿ ಆಡಿಸಿದರೆ ಸಾಕಲ್ಲವೇ?

ಉತ್ತರ: ಸಾಲದು, ಹಾಡಿ. ಗಟ್ಟಿ ಕಂಠದವರ ಮುಂದಿನ ಸಾಲಿನಲ್ಲಿ ಕುಳಿತರೆ ರಾಗ ನೇರವಾಗಿ ಕಿವಿಗೆ ಬೀಳುತ್ತದೆ. ಮೊದಲ ಚರಣವನ್ನು ಮೆಲ್ಲಗೆ ಹಾಡಿಕೊಳ್ಳಿ, ಎರಡನೆಯದರಿಂದ ಧ್ವನಿ ಬಿಡಿ. ವಾರದ ಹಾಡುಗಳ ಪಟ್ಟಿಯನ್ನು ಶನಿವಾರವೇ ಕೇಳಿ ಪಡೆದು ಮನೆಯಲ್ಲಿ ಒಮ್ಮೆ ಗುನುಗಿಕೊಂಡರೆ ಇನ್ನೂ ಸುಲಭ.