ಲಕ್ಷಣಗಳಿಲ್ಲದ ಹೃದ್ರೋಗಕ್ಕೂ ಚುಚ್ಚುಮದ್ದು ಬೇಕೇ?

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಆಟಪಾಠಗಳಲ್ಲಿ ಚುರುಕಾಗಿದ್ದಾಳೆ. ಆದರೆ ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ರುಮ್ಯಾಟಿಕ್ ಹೃದ್ರೋಗದ (ಗಂಟಲಿನ ಸೋಂಕಿನ ಪರಿಣಾಮವಾಗಿ ಹೃದಯದ ಕವಾಟಗಳು ಹಾಳಾಗುವ ಕಾಯಿಲೆ) ಆರಂಭ ಕಂಡಿದೆಯೆಂದು ವೈದ್ಯರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಲು ಹೇಳಿದ್ದಾರೆ. ಇದು ನಿಜಕ್ಕೂ ಅಗತ್ಯವೇ?
– ಓರ್ವ ತಾಯಿ, ಹಾವೇರಿ

ಉತ್ತರ: ಕೆಲವು ವರ್ಷಗಳ ಹಿಂದಿನವರೆಗೆ ವೈದ್ಯರಲ್ಲಿಯೂ ಇದೇ ಅನುಮಾನವಿತ್ತು. ಅದನ್ನು ಬಗೆಹರಿಸಲೆಂದೇ ಉಗಾಂಡಾದಲ್ಲಿ, ಎಕೋದಲ್ಲಿ ಮಾತ್ರ ಕವಾಟದ ಬದಲಾವಣೆ ಕಂಡುಬಂದಿದ್ದ 5ರಿಂದ 17 ವರ್ಷದ 818 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮಾತ್ರ ಈ ಚುಚ್ಚುಮದ್ದು ಕೊಟ್ಟು ಎರಡು ವರ್ಷ ಗಮನಿಸಲಾಯಿತು. ಚುಚ್ಚುಮದ್ದು ಪಡೆಯದವರಲ್ಲಿ ಶೇ 8.2ರಷ್ಟು ಮಕ್ಕಳ ರೋಗ ಮುಂದುವರಿದರೆ, ಪಡೆದವರಲ್ಲಿ ಆ ಪ್ರಮಾಣ ಶೇ 0.8 ಮಾತ್ರ. ಪಡೆಯದ ಬಹುಪಾಲು ಮಕ್ಕಳೂ ಆ ಅವಧಿಯಲ್ಲಿ ಹದಗೆಡಲಿಲ್ಲವೆಂಬುದು ನಿಮಗೆ ಧೈರ್ಯ ಕೊಡಲಿ. ಆದರೂ ಯಾರದು ಹದಗೆಡುತ್ತದೆಂದು ಮೊದಲೇ ತಿಳಿಯದಿರುವುದರಿಂದ ವೈದ್ಯರ ಸಲಹೆ ಸರಿಯೆಂದೇ ನನ್ನ ಅಭಿಪ್ರಾಯ. ಗಂಟಲಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಮರುಕಳಿಸಿದಾಗ ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಕವಾಟಗಳನ್ನು ಘಾಸಿಗೊಳಿಸಬಹುದು; ಪೆನಿಸಿಲಿನ್ ಆ ಸೋಂಕನ್ನು ತಡೆಯುತ್ತದೆಯೇ ಹೊರತು ಕೆಟ್ಟ ಕವಾಟವನ್ನು ಸರಿಪಡಿಸುವುದಿಲ್ಲ. ಮಗಳಿಗೆ ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿದ್ದರೆ ತಪ್ಪದೆ ತಿಳಿಸಿ. ಚುಚ್ಚುಮದ್ದನ್ನು ಎಷ್ಟು ಕಾಲ ಮುಂದುವರಿಸಬೇಕೆಂಬುದನ್ನು ಮುಂದಿನ ಎಕೋ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ.