60 ಸಾವಿರ ಟಿಡಿಎಸ್ ರಿಜೆಕ್ಟ್‌ಗೆ ಇನ್ನೊಂದು ಆರ್‌ಓ ಹಾಕಬಹುದಾ?

ಮಾಲೂರಿನ ನಿಮ್ಮ ಕಾರ್ಖಾನೆಯ ಆರ್‌ಓ ರಿಜೆಕ್ಟ್, ಅಂದರೆ ಒಳ್ಳೆ ನೀರು ತೆಗೆದ ಮೇಲೆ ಉಳಿಯುವ ಉಪ್ಪು ನೀರು, 60 ಸಾವಿರ ಟಿಡಿಎಸ್ (ಲೀಟರಿಗೆ ಅಷ್ಟು ಮಿಲಿಗ್ರಾಂ ಕರಗಿದ ಲವಣ) ಇದೆ, ಅದನ್ನು ಹಂತಹಂತವಾಗಿ ಕುದಿಸಿ ಆವಿ ಮಾಡುವ ಎಂಇಇಗೆ ಸ್ಟೀಮ್ ಖರ್ಚು ಜಾಸ್ತಿ, ನಡುವೆ ಇನ್ನೊಂದು ಆರ್‌ಓ ಅಥವಾ ಮೆಂಬ್ರೇನ್ ಡಿಸ್ಟಿಲೇಷನ್ ಹಾಕಬಹುದಾ ಅಂತ ಕೇಳಿದ್ದೀರಿ. ನಾನು ವೇಮಗಲ್ ಕಡೆ ಒಂದು ಇಟಿಪಿ (ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುತ್ತೇನೆ.

ಮಾಮೂಲಿ ಆರ್‌ಓ ಆಗಲ್ಲ. ಸಮುದ್ರದ ನೀರೇ ಸುಮಾರು 35 ಸಾವಿರ. ಉಪ್ಪು ನೀರಿಗೆ ಅದರದೇ ಆಸ್ಮೋಟಿಕ್ ಒತ್ತಡ ಇರುತ್ತದೆ, ಪಂಪು ಅದನ್ನು ಮೀರಿ ತಳ್ಳಿದರೆ ಮಾತ್ರ ಒಳ್ಳೆ ನೀರು ಆಚೆ ಬರುತ್ತದೆ. ನಿಮ್ಮ ನೀರಿಗೆ ಅದು ಹತ್ತಿರಹತ್ತಿರ 50 ಬಾರ್. ಅರ್ಧ ನೀರು ತೆಗೆದಿರಿ ಅಂದುಕೊಳ್ಳಿ, ಉಳಿದದ್ದು 1.2 ಲಕ್ಷ ಟಿಡಿಎಸ್, ಒತ್ತಡ 100 ಬಾರ್ ಆಸುಪಾಸು. ಸಮುದ್ರದ ನೀರಿಗೆ ಹಾಕುವ ಮೆಂಬ್ರೇನ್ (ಪೊರೆ) ತಡೆಯೋದೇ 80 ಬಾರ್ ತನಕ! 120 ಬಾರ್‌ನವೂ ಸಿಗುತ್ತವೆ, ಆದರೆ ಪಂಪು, ಪೈಪು, ಮೆಂಬ್ರೇನ್ ಕೂರಿಸುವ ಹೌಸಿಂಗ್ ಎಲ್ಲ ಬೇರೆಯೇ ಬೇಕು.

ಮೆಂಬ್ರೇನ್ ಡಿಸ್ಟಿಲೇಷನ್‌ನಲ್ಲಿ ಈ ಒತ್ತಡದ ತಲೆನೋವಿಲ್ಲ. ನೀರು ಅಂಟದ ಟೆಫ್ಲಾನ್ ಥರದ ಪೊರೆ, ಒಂದು ಕಡೆ 60-80 ಡಿಗ್ರಿ ಬಿಸಿಯ ಉಪ್ಪು ನೀರು, ಇನ್ನೊಂದು ಕಡೆ ತಣ್ಣೀರು, ಆವಿ ಮಾತ್ರ ತೂತಿನಲ್ಲಿ ದಾಟುತ್ತದೆ. ಲಕ್ಷ ಟಿಡಿಎಸ್ ಇದ್ದರೂ ನಡೆಯುತ್ತದೆ. ಆದರೆ ಶಾಖ ಬೇಕಲ್ವಾ? ಅದನ್ನು ಮರುಬಳಕೆ ಮಾಡದಿದ್ದರೆ ಸಾವಿರ ಲೀಟರ್ ನೀರು ಆವಿ ಮಾಡಲು 600 ಯೂನಿಟ್‌ಗೂ (ಕಿಲೋವ್ಯಾಟ್ ಗಂಟೆ) ಮೇಲೆ ಶಾಖ ಹೋಗುತ್ತದೆ. ಎಂಇಇಯಲ್ಲಿ ಒಂದು ಹಂತದ ಆವಿಯೇ ಮುಂದಿನ ಹಂತವನ್ನು ಕಾಯಿಸುತ್ತದೆ, ಅಷ್ಟು ಶಾಖ ಬೇಡ, ಹಾಗಾಗಿ ಡಿಜಿ ಜಾಕೆಟ್ ನೀರಿನಂತೆ (ಡೀಸೆಲ್ ಜನರೇಟರ್ ತಣಿಸಿ ಬಿಸಿಯಾದ ನೀರು) ಸುಮ್ನೆ ಹೋಗುವ ಬಿಸಿ ನಿಮ್ಮಲ್ಲಿ ಇದ್ದರೆ ಮಾತ್ರ ಈ ದಾರಿ ಗಿಟ್ಟುತ್ತದೆ. ಇನ್ನೊಂದು, ಸೋಪು ಅಥವಾ ಎಣ್ಣೆ ಸೇರಿದರೆ ತೂತು ಒದ್ದೆಯಾಗಿ ಉಪ್ಪು ನೀರೇ ನೇರ ದಾಟುತ್ತದೆ. ಫ್ಲೋರ್ ತೊಳೆದ ನೀರನ್ನು ಇದಕ್ಕೆ ಬಿಡಲೇಬೇಡಿ.

ಮಾರಲು ಬರುವವರು ಬೇಗ ದಾಟಿಸಿಬಿಡುವ ವಿಷಯ ಸಿಲಿಕಾ. ನಮ್ಮ ಬೋರ್‌ವೆಲ್ ನೀರು ಗ್ರಾನೈಟ್ ಬಂಡೆಯ ಬಿರುಕಿನಿಂದ ಬರೋದು, ಸಿಲಿಕಾ ಇದ್ದೇ ಇರುತ್ತದೆ. ಮಾಮೂಲಿ ಪಿಎಚ್‌ನಲ್ಲಿ, 25 ಡಿಗ್ರಿಗೆ ಅದು ಕರಗೋದು ಲೀಟರಿಗೆ ಸುಮಾರು 120 ಮಿಲಿಗ್ರಾಂ ತನಕ. ಆರ್‌ಓಗೆ ಹೋಗುವ ನೀರಿನಲ್ಲಿ (ಫೀಡ್) 40 ಇದ್ದು ನೀವು ಮುಕ್ಕಾಲು ನೀರು ತೆಗೆದರೆ ರಿಜೆಕ್ಟ್‌ನಲ್ಲಿ 160! ಲವಣ ಅಂಟದಂತೆ ಹಾಕುವ ಆಂಟಿಸ್ಕೇಲಂಟ್ ಸ್ವಲ್ಪ ತಡೆಯುತ್ತದೆ, ಆಮೇಲೆ ಗಾಜಿನಂತೆ ಪೊರೆಗೆ ಅಂಟಿಕೊಳ್ಳುತ್ತದೆ, ಮಾಮೂಲಿ ಆಸಿಡ್ ಸಿಐಪಿಗೆ (ಬಿಚ್ಚದೆ ಒಳಗೇ ತೊಳೆಯೋದು) ಬಗ್ಗೋದಿಲ್ಲ. ಸುಣ್ಣ ಮತ್ತು ಮೆಗ್ನೀಷಿಯಂ ಹಾಕಿ ಪಿಎಚ್ 11ರ ಹತ್ತಿರ ಏರಿಸಿ ಗಡಸುತನ, ಸಿಲಿಕಾ ಎರಡನ್ನೂ ಕೆಳಗಿಳಿಸಿ. ಕೆಸರು ಜಾಸ್ತಿ ಬರುತ್ತದೆ, ಕೆಸರು ಹಿಂಡುವ ಫಿಲ್ಟರ್ ಪ್ರೆಸ್ ಸಾಲುತ್ತದಾ ನೋಡಿಕೊಳ್ಳಿ. ನಾನಾದರೆ ಹೊಸ ಮೆಂಬ್ರೇನ್‌ಗಿಂತ ಮೊದಲು ದುಡ್ಡು ಇದಕ್ಕೇ ಹಾಕುತ್ತೇನೆ.

ಎಂಇಇ ಅಂತೂ ಹೋಗೋದಿಲ್ಲ, ಚಿಕ್ಕದಾಗಬಹುದು ಅಷ್ಟೇ. ಇಲ್ಲಿ ಸಮುದ್ರ ಇಲ್ಲ, ವರ್ಷಪೂರ್ತಿ ಹರಿಯುವ ಹೊಳೆಯೂ ಇಲ್ಲ, ಹೊರಗೆ ಬಿಟ್ಟ ಉಪ್ಪು ಯಾರದೋ ಬೋರ್‌ವೆಲ್‌ಗೆ ಇಳಿಯುತ್ತದೆ. ನೀರಿನಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ನ್ಯಾನೋಫಿಲ್ಟ್ರೇಷನ್ (ಆರ್‌ಓಗಿಂತ ಸ್ವಲ್ಪ ಸಡಿಲ ಪೊರೆ) ಅದನ್ನು ಕ್ಲೋರೈಡ್‌ನಿಂದ ಬಹುಪಾಲು ಬೇರೆ ಮಾಡುತ್ತದೆ, ಆಗ ಉಪ್ಪನ್ನು ಮತ್ತೆ ಬಳಸೋ ಅವಕಾಶ ಇದೆ. ರಿಜೆಕ್ಟ್‌ನ ಸಿಲಿಕಾ, ಸಲ್ಫೇಟ್, ಸಿಒಡಿ (ಸಾವಯವ ಕೊಳೆಯ ಅಳತೆ) ರಿಪೋರ್ಟ್ ಇಲ್ಲೇ ಹಾಕಿ, ಯಾವುದು ಹೊಂದುತ್ತದೆ ಅಂತ ಹೇಳುತ್ತೇನೆ.